ಬಚ್ಚಲುಮನೆಯ ಅಂತೂರಿ

ಮೈಸೂರಿನಲ್ಲಿ ಮನೆ ಮಾಡಿಕೊಂಡು, ಕಾಂಪೌಂಡಿನ ತುಂಬ ಹೂಗಿಡ ಇಟ್ಟುಕೊಂಡು, ದೇವರ ತಲೆಗೆ ಒಂದೇ ಒಂದು ಹೂವನ್ನೂ ಕೊಡದ ಹೆಂಗಸನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ಅಂಥವಳು ಈ ಊರಿನಲ್ಲಿ ಇದ್ದದ್ದು ಒಬ್ಬಳೇ, ಅವಳು ನಮ್ಮ ಅತ್ತೆ!

ಅತ್ತೆ ಅಂದರೆ ಅಪ್ಪನ ಅಕ್ಕ. ಹಳ್ಳಿಯಲ್ಲಿ ಮದುವೆಯಾಗಿ, ಮದುವೆಯ ಸೀರೆಗಳು ಹಳೆಯವಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಅಪ್ಪ ಓವರ್ಸಿಯರ್. ಯಾದವಗಿರಿಯಲ್ಲಿ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಿದ್ದರು. ಆಗ ನಮ್ಮ ನಾಡಿನ ಏಕೀಕರಣ ಆಗಿರಲಿಲ್ಲ, ನನ್ನ ಮದುವೆಯೂ ಆಗಿರಲಿಲ್ಲ. ಮೊದಲನೆಯದರ ಚಿಂತೆ ಅಪ್ಪನಿಗೆ, ಎರಡನೆಯದರ ಚಿಂತೆ ಅವ್ವನಿಗೆ, ಎರಡೂ ಸೇರಿ ನನಗೆ! ದಿಗಿಲು ಬೀಳುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಲು ಉಕ್ಕಿದರೆ ಮನೆ ಹೊತ್ತಿಕೊಂಡಿತು ಅನ್ನುವ ಪೈಕಿ ನಾನು.

ಬೆಳಗಾದರೆ ಅಕ್ಕಪಕ್ಕದ ಹೆಂಗಸರು ಹೂಬುಟ್ಟಿ ಹಿಡಿದು ನಮ್ಮ ಗೇಟಿಗೆ ಬರುವರು. ಅಷ್ಟೊಂದು ಹಸಿರು ಕಂಡ ಮೇಲೆ ಪಾಪ, ಆಸೆಯಾಗದೆ ಇರುತ್ತದೆಯೇ?

"ಪೂಜೆಗೆ ಒಂದ್ನಾಲ್ಕು ಹೂವು ಕಿತ್ಕೊಳ್ಳಲೇನ್ರೀ?"

"ಅದಕ್ಕೇನಂತೆ, ಬನ್ನಿ ತಾಯಿ. ಯಾವುದು ಬೇಕೋ ತಕ್ಕೊಳ್ಳಿ" ಅನ್ನುವಳು ಅತ್ತೆ, ಬಲು ಉದಾರವಾಗಿ.

ಬಂದವರು ಒಳಗೆ ಬಂದು ಸುತ್ತ ನೋಡುವರು. ಏಡಿಯ ಕೊಂಡಿಗಳನ್ನು ಒಂದರ ಕೆಳಗೊಂದು ಪೋಣಿಸಿ ನೇತುಹಾಕಿದಂಥ ಕೆಂಪು ಹೂವು ಒಂದು ಕಡೆ. ತೆಂಗಿನ ಸಿಪ್ಪೆಗೆ ಕಟ್ಟಿ ಮಾವಿನ ಮರಕ್ಕೆ ತೂಗುಹಾಕಿದ, ಬೇರು ಹೊರಗೆ ಚಾಚಿಕೊಂಡ ಆರ್ಕಿಡ್ಡು ಇನ್ನೊಂದು ಕಡೆ. ಇಡೀ ತೋಟದಲ್ಲಿ ದಾಸವಾಳವಿಲ್ಲ, ಕಣಗಿಲೆಯಿಲ್ಲ, ಒಂದು ಮಲ್ಲಿಗೆ ಬಳ್ಳಿಯಿಲ್ಲ! ಬಂದವರು ಖಾಲಿ ಬುಟ್ಟಿ ಹಿಡಿದು ಹೊರಡುವರು. ಒಬ್ಬಾಕೆ ಮಾತ್ರ ಬಾಯಿಬಿಟ್ಟು ಅಂದೇಬಿಟ್ಟರು: "ಇದನ್ನಿಟ್ರೆ ದೇವರೇ ಎದ್ದು ಓಡೋಗ್ತಾನೆ ಕಣ್ರೀ!"

"ಅತ್ತೆ, ಮೈಸೂರಲ್ಲಿದ್ಕೊಂಡು ಒಂದು ಮಲ್ಲಿಗೆ ಹಾಕಬಾರ್ದಾ?" ಎಂದು ನಾನೂ ಕೇಳಿದ್ದೆ.

"ಮಲ್ಲಿಗೆ ಊರ ತುಂಬಾ ಅದೆ ಬುಡು" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಇಷ್ಟೆಲ್ಲಾ ಗಿಡಗಳಲ್ಲಿ ಅತ್ತೆಯ ಜೀವ ಇದ್ದದ್ದು ಅಂತೂರಿಯ ಮೇಲೆ. ಕೊಡಗಿನ ಒಂದು ಕಾಫಿತೋಟದ ಮನೆಗೆ ಬಾಣಂತನ ಮಾಡಲೆಂದು ಹೋಗಿದ್ದವಳು, ಅಲ್ಲಿಂದ ಬುಡದಲ್ಲೊಡೆದ ಒಂದು ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ಆ ಮನೆಯ ಯಜಮಾನಿ ಆಂಥೂರಿಯಂ ಎಂದು ಹೇಳಿಕೊಟ್ಟಿದ್ದರಂತೆ. ಅತ್ತೆಯ ಬಾಯಲ್ಲಿ ಅದು ಅಂತೂರಿ. ಈಗಿನವರು ಅದನ್ನು ಮದುವೆ ಮಂಟಪದಲ್ಲೆಲ್ಲಾ ನೋಡಿರುತ್ತೀರಿ. ಆಗ ನಮ್ಮ ಕಣ್ಣಿಗೆ ಅದೊಂದು ವಿಚಿತ್ರ. ಅಂಗೈಯಗಲದ ಕೆಂಪು ಎಲೆ, ಅರಗು ಬಳಿದ ಹಾಗೆ ಮಿರಮಿರ, ನಡುವೆ ಒಂದು ಹಳದಿ ಬತ್ತಿ. ಹೂವೇ ಅಂದರೆ ಹೂವು, ತಗಡೇ ಅಂದರೆ ತಗಡು. ಮೂಗಿಗೆ ಹಿಡಿದರೆ ವಾಸನೆಯೂ ಇಲ್ಲ.

ಮಳೆಸೀಮೆಯ ಗಿಡಕ್ಕೆ ನಮ್ಮೂರಿನ ಗಾಳಿ ಒಗ್ಗುತ್ತದೆಯೇ? ಬೇಸಿಗೆಯಲ್ಲಿ ಎಲೆ ಸುಟ್ಟಿತು ಅಂತ ಅತ್ತೆ ತನ್ನ ಕೊಡೆಯನ್ನು ಬಿಚ್ಚಿ ಅದರ ಮೇಲೆ ಕಟ್ಟಿದಳು. ಮಾಗಿ ಬಂದಾಗ ತನ್ನ ಶಾಲು ಹೊದಿಸಿದಳು. ಮಂಜಿನಲ್ಲಿ ಕೊಡೆ ಹಿಡಿದು ಶಾಲು ಹೊದ್ದು ಕುಕ್ಕರಗಾಲಲ್ಲಿ ಕೂತವರನ್ನು ಕಂಡು ಹಾಲಿನವನು "ಅಮ್ಮಾ, ಹುಷಾರಿಲ್ವಾ?" ಎಂದು ಗಿಡವನ್ನೇ ಮಾತಾಡಿಸಿದ! ಅಷ್ಟು ಮಾಡಿದರೂ ಎಲೆ ಮುರುಟಿತು. ಅತ್ತೆಗೆ ಊಟ ಸೇರದೆ ಹೋಯಿತು. ಕೊನೆಗೊಂದು ದಿನ ಕುಂಡವನ್ನು ಎತ್ತಿಕೊಂಡು ಹೋಗಿ ಎಲ್ಲಿಟ್ಟಳು ಅಂತೀರಿ? ಬಚ್ಚಲುಮನೆಯಲ್ಲಿ, ನೀರು ಕಾಯಿಸುವ ಹಂಡೆಯ ಪಕ್ಕದ ಕಿಟಕಿಯ ಕೆಳಗೆ!

ಆಮೇಲೆ ನೋಡಿ, ಹಂಡೆಯ ಬೆಚ್ಚನೆಯ ಹಬೆಗೆ ಅದು ಹೇಗೆ ಚಿಗುರಿತು! ಚಿಗುರಿದ್ದು ಗಿಡ, ಬಾಡಿದವರು ನಾವು. ಯಾರು ಸ್ನಾನಕ್ಕೆ ಹೋದರೂ ಅತ್ತೆ ಬಾಗಿಲ ಆಚೆ ಕಾವಲು.

"ಸೋಪಿನ ನೊರೆ ಹಾರಿಸಬ್ಯಾಡಿ! ಬಿಸಿನೀರು ಬೇರಿಗೆ ಬೀಳಿಸಬ್ಯಾಡಿ! ಸೀಗೇಕಾಯಿ ಮೆಲ್ಲಗೆ!"

ಅಪ್ಪನಂತೂ ಅದಕ್ಕೆ ಬೆನ್ನು ಹಾಕಿಯೇ ಸ್ನಾನ ಮಾಡುತ್ತಿದ್ದರು. "ಅದು ನನ್ನೇ ನೋಡ್ತಾ ಇದೆ ಅನ್ನಿಸ್ತದೆ ಕಣಕ್ಕ" ಅಂದರೆ, "ನಿನ್ನ ನೋಡಕ್ಕೆ ಅದಕ್ಕೇನು ಬ್ಯಾರೆ ಕೆಲಸ ಇಲ್ವಾ?" ಅನ್ನುವಳು ಅತ್ತೆ.

ಇದೆಲ್ಲಾ ನಗುವ ಮಾತಾಯಿತು. ನಗಲಾರದ್ದು ಬಾತುಕೋಳಿ ಬಳ್ಳಿಯ ಕಥೆ.

ಅದನ್ನು ಅತ್ತೆ ಎಲ್ಲಿಂದ ತಂದಳೋ, ಮುಂಬಾಗಿಲ ಚಪ್ಪರಕ್ಕೆ ಹಬ್ಬಿಸಿದ್ದಳು. ಮೊಗ್ಗು ಥೇಟ್ ಬಾತುಕೋಳಿ. ಕೊಕ್ಕು, ಕುತ್ತಿಗೆ, ಉಬ್ಬಿದ ಹೊಟ್ಟೆ, ಎಲ್ಲಾ ಇತ್ತು. ಅದು ಮೊದಲ ಸಲ ಅರಳುವ ದಿನವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರಬೇಕೇ? ಬೆಳಿಗ್ಗೆಯಿಂದ ಮನೆಯೆಲ್ಲಾ ಸತ್ತ ಇಲಿಯ ನಾತ. ಅಪ್ಪ ಅಟ್ಟ ಹತ್ತಿದರು, ಹೆಂಚು ತೆಗೆಸಿದರು, ಅಕ್ಕಿಯ ವಾಡೆಯನ್ನೂ ಉರುಳಿಸಿದರು. ಇಲಿಯ ಬಾಲವೂ ಸಿಗಲಿಲ್ಲ. ಬಂದವರು ಚಪ್ಪರದಡಿಯ ಬೆಂಚಿನ ಮೇಲೆ ಕೂತು, ಕೇಸರಿಬಾತಿನ ತಟ್ಟೆ ಮುಂದಿಟ್ಟುಕೊಂಡು, ಮೂಗಿಗೆ ಕರವಸ್ತ್ರ ಹಿಡಿದು, "ಆಮೇಲೆ ಹೇಳಿಕಳಿಸ್ತೀವಿ" ಅಂದು ಎದ್ದರು. ಹೇಳಿಕಳಿಸಲೇ ಇಲ್ಲ. ಅವರು ಹೋದ ಮೇಲೆ ಅವ್ವ ತಲೆಯೆತ್ತಿ ನೋಡಿದರೆ, ಬೆಂಚಿನ ನೆತ್ತಿಯ ಮೇಲೇ ಮೊರದಗಲದ ಹೂವು ಬಾಯಿ ತೆರೆದುಕೊಂಡಿತ್ತು, ಸುತ್ತ ನೊಣ!

"ಅರಳಿದ ದಿನ ಅಷ್ಟೇ ಕಣಮ್ಮ ನಾತ. ನಾಳೆ ಹೋಯ್ತದೆ" ಅಂದಳು ಅತ್ತೆ.

"ಗಂಡು ಇವತ್ತೇ ಹೋಯ್ತಲ್ಲ ಅತ್ಗಮ್ಮಾ!" ಅಂದಳು ಅವ್ವ. ಆಮೇಲೆ ಅಡಿಗೆಮನೆಗೆ ಹೋಗಿ ಅತ್ತಳು. ಸತ್ತ ವಾಸನೆಯ ಮನೆ ಅಂತ ನೆಂಟರಲ್ಲೆಲ್ಲಾ ಸುದ್ದಿ ಹಬ್ಬಿತು. ಆಮೇಲೆ ವರ್ಷವಾದರೂ ಗಂಡಿನ ಕಡೆಯವರು ಯಾರೂ ನಮ್ಮ ಗೇಟು ತಟ್ಟಲಿಲ್ಲ.

ಕೊನೆಗೆ ಶ್ರೀರಂಗಪಟ್ಟಣದ ಕಡೆಯಿಂದ ಒಂದು ಸಂಬಂಧ ಬಂತು. ಭಾನುವಾರ ಬರುತ್ತೇವೆ, ಒಪ್ಪಿಗೆಯಾದರೆ ಅಲ್ಲೇ ಹೂ ಮುಡಿಸಿಬಿಡುತ್ತೇವೆ ಅಂದಿದ್ದರು. ನಮ್ಮ ಕಡೆ ಹಾಗೆ. ಗಂಡಿನ ತಾಯಿ ಹುಡುಗಿಯ ಜಡೆಗೆ ಹೂ ಮುಡಿಸಿದರೆ ಮಾತು ಗಟ್ಟಿಯಾದ ಹಾಗೆ. ಅವ್ವ ಹಿಗ್ಗಿದಳು. ಹಿಗ್ಗಿ, ಚಪ್ಪರ ನೋಡಿ, ಕುಗ್ಗಿದಳು. ಬಾತುಕೋಳಿ ಮತ್ತೆ ಮೊಗ್ಗು ಬಿಟ್ಟಿತ್ತು! ವರ್ಷವಿಡೀ ಬರೀ ಎಲೆ ಬಿಟ್ಟುಕೊಂಡಿದ್ದ ಬಳ್ಳಿಗೆ ಈ ವಾರವೇ ಆಗಬೇಕಿತ್ತೇ?

"ಕುಯ್ದು ಬಿಸಾಕಿ ಅತ್ಗಮ್ಮಾ."

"ಇನ್ನೂ ಎಳೇದು ಕಣಮ್ಮ. ಭಾನುವಾರಕ್ಕೆ ಅರಳಲ್ಲ, ನಾನು ಹೇಳ್ತೀನಿ ತಗಾ."

ಆ ವಾರ ನಾನು ಪಟ್ಟ ಪಾಡು! ಎದ್ದ ಕೂಡಲೆ ಚಪ್ಪರದಡಿ ಹೋಗಿ ಮೂಗೆತ್ತಿ ನಿಲ್ಲುತ್ತಿದ್ದೆ. ಊಟ ಮಾಡುತ್ತಿದ್ದವಳು ಎದ್ದು ಹೋಗಿ ಮೂಸುತ್ತಿದ್ದೆ. ಬುಧವಾರ ಬಾತುಕೋಳಿಯ ಹೊಟ್ಟೆ ಉಬ್ಬಿತು, ನನ್ನ ಹೊಟ್ಟೆಯಲ್ಲಿ ಸಂಕಟ. ಶುಕ್ರವಾರ ಕುತ್ತಿಗೆಗೆ ನೇರಳೆ ಗೆರೆ ಬಂತು, ನನಗೆ ಜ್ವರ ಬಂದ ಹಾಗಾಯಿತು. ಈ ಸಲವೂ ತಪ್ಪಿದರೆ ನಾನು ಈ ಮನೆಯಲ್ಲೇ ಮುದುಕಿಯಾಗಿ, ಬಚ್ಚಲ ಬಾಗಿಲಲ್ಲಿ ನಿಂತು "ಸೋಪಿನ ನೊರೆ" ಅನ್ನುವವಳಾಗುತ್ತೇನೆ ಅನ್ನಿಸಿತು. ಶನಿವಾರ ಸಂಜೆ ಅತ್ತೆ ಮೊಗ್ಗನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಓಡಿಹೋಗಿ ಮೂಸಿದೆ. ವಾಸನೆಯಿಲ್ಲ. ತಲೆಯೆತ್ತಿ ನೋಡಿದೆ. ಮೊಗ್ಗೂ ಇಲ್ಲ! ಹಿತ್ತಿಲಿಗೆ ಬಂದರೆ, ಬಾವಿಕಟ್ಟೆಯ ಮೇಲೆ ಮೊರದಲ್ಲಿ ಬಾತುಕೋಳಿ ಮಲಗಿತ್ತು, ಮೇಲೊಂದು ಒದ್ದೆ ಬಟ್ಟೆ ಹೊದ್ದುಕೊಂಡು. ಪಕ್ಕದಲ್ಲಿ ಅತ್ತೆ.

"ಇವತ್ತೇ ಅರಳೋದು ಅದು. ನಂಗೆ ನಿನ್ನೇನೇ ಗೊತ್ತಾಯ್ತು" ಅಂದಳು. "ಹೋದ್ರೆ ಹೋಯ್ತು ಬುಡು. ಬಳ್ಳಿ ಮತ್ತೆ ಮೊಗ್ಗು ಬುಡ್ತದೆ. ಒಳ್ಳೆ ಗಂಡು ಮತ್ತೆ ಬಂದಾನಾ?"

ಅತ್ತೆ ಎದ್ದು, ಸೆರಗು ಕೊಡವಿಕೊಂಡು, ಹಿಂದಿನ ಕೋಣೆಗೆ ಹೊರಟಳು. ಇಂಥ ದಿನಗಳಲ್ಲಿ ಅವಳು ಹಾಗೆಯೇ, ಯಾರೂ ಹೇಳದಿದ್ದರೂ ಮರೆಗೆ ಸರಿದುಬಿಡುವಳು. ಗಂಡ ಸತ್ತವಳು ಒಳ್ಳೆ ಕೆಲಸಕ್ಕೆ ಎದುರು ಬರಬಾರದು ಅನ್ನುವ ಕಾಲ ಅದು.

ಅವರು ಬರುವ ಹೊತ್ತಾಯಿತು. ನಾನು ಸೀರೆಯುಟ್ಟು, ಬರೀ ಜಡೆಯಲ್ಲೇ ಹಿಂದಿನ ಕೋಣೆಗೆ ಹೋದೆ. ಅತ್ತೆಯ ಎದುರು ಬೆನ್ನು ಹಾಕಿ ಕೂತು, "ಹೂ ಮುಡಿಸು" ಅಂದೆ.

"ಥೂ, ಎದ್ದೋಗೇ! ನಾನು ಮುಡಿಸಬಾರ್ದು ಕಣೇ ಮಗ. ನಿಮ್ಮವ್ವನ್ನ ಕೇಳು."

"ನೀನು ಮುಡಿಸದೆ ನಾನು ಏಳಲ್ಲ."

"ಮುಡಿಸಕ್ಕೆ ನನ್ನತ್ರ ಹೂವೆಲ್ಲದೆ?" ಅಂದಳು. ಆಮೇಲೆ ನನ್ನ ಬೆನ್ನ ಹಿಂದೆ ಅವಳ ಧ್ವನಿ ಸಣ್ಣಗಾಯಿತು. "ಅದಕ್ಕೇ ಕಣೇ ನಾನು ಮಲ್ಲಿಗೆ ಹಾಕಲಿಲ್ಲ. ಹಾಕಿದ್ರೆ ದಿನಾ ಬಿಡಿಸಬೇಕು, ದಿನಾ ಕಟ್ಟಬೇಕು. ಎಲ್ಲಾರೂ ಮುಡ್ಕೊಂಡು ಹೋದ ಮೇಲೆ ನಾನು ಬರೀ ನಾರು ಹಿಡ್ಕೊಂಡು ಕೂತಿರಬೇಕು. ಈ ಹೂವಾದ್ರೆ ಯಾರೂ ಮುಡಿಯಲ್ಲ. ನಂಗೂ ಇವಕ್ಕೂ ಸರಿಹೋಯ್ತು."

ನಾನು ಎದ್ದು ಸೀದಾ ಬಚ್ಚಲಿಗೆ ಹೋದೆ. ಅಂತೂರಿ ಒಂದೇ ಒಂದು ಹೂ ಬಿಟ್ಟಿತ್ತು. ಅದನ್ನು ದಂಟಿನ ಸಮೇತ ಮುರಿದೆ! ತಂದು ಅವಳ ಕೈಯಲ್ಲಿಟ್ಟು, ಮತ್ತೆ ಬೆನ್ನು ಹಾಕಿ ಕೂತೆ. ಈಗ ಬೈಯುತ್ತಾಳೆ, ಕಿರುಚುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ಜಡೆಯ ಬುಡದಲ್ಲಿ ಅವಳ ಬೆರಳು ಆಡಿತು.

ಹಜಾರದಲ್ಲಿ ನನ್ನನ್ನು ಕಂಡು ಅವ್ವ ತಟ್ಟೆ ಬೀಳಿಸುವುದರಲ್ಲಿದ್ದಳು. ಗಂಡಿನ ತಾಯಿ ಮಲ್ಲಿಗೆ ದಂಡೆ ಹಿಡಿದು ನನ್ನ ಹಿಂದೆ ಬಂದು ನಿಂತರು.

"ಇದೇನಮ್ಮ, ಹೂವೋ ತಗಡೋ? ಯಾರು ಮುಡಿಸಿದ್ದು?"

"ನಮ್ಮತ್ತೆ" ಅಂದೆ. ಅವ್ವ ಉಸಿರು ಬಿಗಿಹಿಡಿದಳು.

"ಎಲ್ಲವರೆ ಅವರು?"

"ಒಳಗವರೆ. ಗಂಡ ಇಲ್ಲ, ಅದಕ್ಕೆ ಬರಲಿಲ್ಲ."

ಆಕೆ ಅಂತೂರಿಯನ್ನು ತೆಗೆಯದೆ, ಅದರ ಪಕ್ಕದಲ್ಲೇ ಮಲ್ಲಿಗೆ ಮುಡಿಸಿದರು. "ಚೆಂದಾಗದೆ. ಒಂದು ಗಿಡ ನಂಗೂ ಬೇಕು, ಕರೀರಿ ಅವರನ್ನ" ಅಂದರು.

ಅತ್ತೆ ಬಾಗಿಲ ಮರೆಯವರೆಗೆ ಬಂದು ನಿಂತಳು. ಹೊಸಿಲು ದಾಟಲಿಲ್ಲ. ಬೀಗರಾಗುವವರ ಜೊತೆ ಅವಳು ಆಡಿದ ಮೊದಲ ಮಾತು ಏನು ಗೊತ್ತೇ?

"ನಿಮ್ಮ ಬಚ್ಚಲಲ್ಲಿ ಹಂಡೆ ಯಾವ ಕಡೆ ಅದೆ? ಕಿಟಕಿ ಅದಾ?"

ಕಿಟಕಿ ಇತ್ತು. ನನ್ನ ಜೊತೆ ಅಂತೂರಿಯ ಮರಿಯೂ ಗಂಡನ ಮನೆಗೆ ಹೋಯಿತು. ನನ್ನವರು ಕೂಡ ಅದಕ್ಕೆ ಬೆನ್ನು ಹಾಕಿಯೇ ಸ್ನಾನ ಮಾಡುವುದನ್ನು ಕಲಿತರು. ಅತ್ತೆ ಈಗಿಲ್ಲ.

ಅವತ್ತು ಅವರೆಲ್ಲಾ ಹೊರಟ ಮೇಲೆ ನಾನು ಹಿತ್ತಿಲಿಗೆ ಹೋದೆ. ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅಂತೂರಿಗೆ ವಾಸನೆಯೇ ಇಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳು ನನಗೆ ಹೂ ಮುಡಿಸಿದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೂಸುತ್ತಾ ಕೂತಿದ್ದಳು.