ದಿವಂಗತ ಪುಟ್ಟಗೌರಮ್ಮನವರ ಹಂಡೆ

ಯಳಂದೂರಿನ ದೊಡ್ಡ ತೊಟ್ಟಿಮನೆಯ ಪುರಾತನ ವಸ್ತುಗಳ ಮಾರಾಟವು ಕಿಂಚಿತ್ತೂ ಲೋಪವಿಲ್ಲದೆ ನೆರವೇರಿತೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

ಮನೆಯ ಯಜಮಾನರು ಶಿವಕುಮಾರಸ್ವಾಮಿ. ಮಾರಾಟಕ್ಕಿಟ್ಟ ತಾಮ್ರ, ಹಿತ್ತಾಳೆ ಪಾತ್ರೆಗಳು ನೂರ ಹದಿನೇಳು. ಅವುಗಳಲ್ಲಿ ಈ ಮನೆಯವರ ಹೆಸರು ಕೆತ್ತಿದ್ದು ಒಂದು ಸೌಟಿನ ಮೇಲೆ ಮಾತ್ರ. ಬಡಿಸುವುದು ಇವರಿಗೆ ಬಾರದ ವಿದ್ಯೆಯಾದ್ದರಿಂದ ಅದೂ ಸವೆದಿರಲಿಲ್ಲ. ಮಿಕ್ಕವುಗಳ ಮೇಲೆಲ್ಲ ಅಗರ, ಕಾಮಗೆರೆ, ಸತ್ತೇಗಾಲದ ಹೆಂಗಸರ ಹೆಸರು.

"ಯಾರು ಸಾರ್ ಇವರೆಲ್ಲ?" ಎಂದು ಪಟ್ಟಿ ಬರೆಯಲು ಮೈಸೂರಿಂದ ಬಂದಿದ್ದ ಭವ್ಯಶ್ರೀ ಕೇಳಿದರು.

"ಮಾಡಿದೋರಿರ್ಬೇಕು. ಕಲಾವಿದೆಯರು," ಎಂದರು ಯಜಮಾನರು, ರೆಪ್ಪೆ ಬಡಿಯದೆ.

ಕೂಡಲೇ ಮಾರಾಟದ ನಿಯಮಗಳಿಗೆ ನಾಲ್ಕನೆಯದೊಂದು ಸೇರಿತು: ಪಾತ್ರೆಯ ಮೇಲಿನ ಹೆಸರನ್ನು ಒಡತಿಯದೆಂದು ಭಾವಿಸಕೂಡದು, ಅದು ಕಲಾವಿದೆಯ ಸಹಿ.

ಮಾರಾಟದ ದಿನ ಅಗರದ ಯಶೋದ ಬಂದು ಒಂದು ತಾಮ್ರದ ಹಂಡೆಯನ್ನು ತಬ್ಬಿಕೊಂಡು ನಿಂತಳು. ಅದರ ಕೊರಳಲ್ಲಿ 'ಪುಟ್ಟಗೌರಮ್ಮ, ಅಗರ' ಎಂದಿತ್ತು.

"ನಮ್ಮತ್ತೆ ಅಂಡೆ ಕಣವ್ವ ಇದು. ಈ ಮನೆ ಮದ್ವೆಗೆ ಅಂತ ಇಸ್ಕಂಡೋದ್ರು. ಆ ಮದ್ವೆ ಎಣ್ಗೇ ಮೊಮ್ಮಕ್ಳಾದ್ರು, ಅಂಡೆ ಬರ್ನಿಲ್ಲ. ಮುದ್ಕಿ ಆಸ್ಗೆ ಇಡ್ದವ್ಳೆ. ನನ್ ಅಂಡೆ ನೀರ್ನಲ್ಲಿ ಒಂದ್ಸಲ ಮೀಸಿ ಸಾಯ್ಸವ್ವ ಅಂತವ್ಳೆ. ಕೊಟ್ಬುಡಿ ಬುದ್ದಿ, ತಕಂಡೋಯ್ತೀನಿ."

ಭವ್ಯಶ್ರೀ ಗಾಬರಿಯಾದರು. "ಏನಮ್ಮ, ಕಲಾವಿದೆ ಇನ್ನೂ ಬದುಕಿದ್ದಾರಾ?"

"ಊ ಕಣವ್ವ. ಬೆಳಿಗ್ಗೆ ಅರ್ದ ಮುದ್ದೆ ಉಂಡವ್ಳೆ."

ಇದು ಗಂಭೀರ ತೊಡಕು. ಕಲಾವಿದೆ ಬದುಕಿದ್ದರೆ ಕಲೆಯ ಬೆಲೆ ಅರ್ಧ. ಇನ್ನೊಂದು ಹಂಡೆ ಮಾಡಿಬಿಟ್ಟರೆ? ಯಜಮಾನರು ಪೆನ್ನು ಇಸಿದುಕೊಂಡು ಪಟ್ಟಿಯಲ್ಲಿ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಿದರು.

"ಬದ್ಕಿರೋಳ್ನ ಸಾಯ್ಸ್ಬುಟ್ರಲ್ಲ ಬುದ್ದಿ!"

"ಪಟ್ಟೀಲಿ ಮಾತ್ರ ಕಣಮ್ಮ. ಮನೇಲಿ ಇರ್ಲಿ ಬುಡು, ನಾನೇನು ಬ್ಯಾಡ ಅಂದ್ನಾ?"

ಅಗಲಿದ ಕಲಾವಿದೆಗೆ ಒಂದು ನಿಮಿಷ ಮೌನ ಆಚರಿಸಲಾಯಿತು. ಎಲ್ಲರೂ ಎದ್ದು ನಿಂತದ್ದರಿಂದ ಯಶೋದಳೂ ಹಂಡೆ ಬಿಟ್ಟು ಕೈಮುಗಿದಳು. ಆ ನಿಮಿಷದೊಳಗೇ 'ಮಾರಾಟವಾಗಿದೆ' ಎಂಬ ಚೀಟಿ ಅದಕ್ಕೆ ಅಂಟಿತು. ಕೊಂಡವರು ಕಾಡಂಚಿನ ಒಂದು ರೆಸಾರ್ಟಿನವರು. ಬಾಗಿಲಲ್ಲಿ ಗಿಡ ನೆಡಲು.

ಸೊಸೆ ಊರಿಗೆ ಹೋಗಿ ಇದನ್ನೆಲ್ಲ ಹೇಳಿದಾಗ ಪುಟ್ಟಗೌರಮ್ಮ, "ಅಂಗಾರೆ ನನ್ ಎಣಕ್ಕೆ ನೀರ್ ಕಾಯ್ಸ್ಬೇಕಲ್ಲ. ಅದ್ಕಾರೂ ಕೊಟ್ಟಾರಾ ಕೇಳವ್ವ," ಎಂದಳು.

ಕೇಳಲಾಯಿತು. ರೆಸಾರ್ಟಿನವರು ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಒಂದು ದಿನದ ಮಟ್ಟಿಗೆ ಹಂಡೆ ಕಳಿಸಲು ಒಪ್ಪಿದ್ದಾರೆ. ಷರತ್ತು ಎರಡೇ: ಹುಣಸೆಹಣ್ಣು ಹಾಕಿ ಬೆಳಗಕೂಡದು, ಸಾವಿನ ದಿನಾಂಕವನ್ನು ಹದಿನೈದು ದಿನ ಮುಂಚಿತವಾಗಿ ಲಿಖಿತ ರೂಪದಲ್ಲಿ ತಿಳಿಸತಕ್ಕದ್ದು.

ಪುಟ್ಟಗೌರಮ್ಮ ಮುಂದಿನ ತಿಂಗಳ ಎರಡನೇ ಸೋಮವಾರ ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಾಳೆ. ನೆಂಟರಿಗೂ ಆ ದಿನವೇ ಅನುಕೂಲವಂತೆ.