ಅರ್ಧ ಬೆಲೆಯ ಮೂತಿ

ಅಂಗಡಿಯವನು ಅದನ್ನು ಅರ್ಧ ಬೆಲೆಗೆ ಕೊಟ್ಟನೆಂದು ಕುಬೇರಪ್ಪ ಅವನ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಸ್ಯಾನ್ ಹೊಸೆಯ ಬಂದೂಕಿನಂಗಡಿಯ ಮೂಲೆಯಲ್ಲಿ ಬುಟ್ಟಿಗಟ್ಟಲೆ ಸುರಿದಿದ್ದ ಉಕ್ಕಿನ ತುಂಡುಗಳಲ್ಲಿ ತನ್ನ ರೈಫಲ್ಲಿನ ನಳಿಗೆಯ ತುದಿಗೆ ಕೂಡುವ ಮೂತಿಯನ್ನು ಅವನು ಅಳತೆ ಹಿಡಿದು ಹುಡುಕಿ ತಂದಿದ್ದ.

"ಅರ್ಧ ರೇಟಿಗೆ ಯಾಕ ಕೊಟ್ಟ?" ಎಂದಳು ಹೆಂಡತಿ ಪದ್ಮಜಾ.

"ಹಬ್ಬದ ಸೇಲು."

"ಆಯುಧಪೂಜಾ ಅಮೆರಿಕದವ್ರಿಗೆ ಯಾವಾಗಿಂದ ಶುರು ಆತು?"

ಕುಬೇರಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮನಸ್ಸಿನ ತುಂಬ ಜನವರಿ ಒಂದೇ ಇತ್ತು. ಎರಡು ಸಾವಿರದ ಇಸವಿ ಹುಟ್ಟುವ ದಿನ ಕಂಪ್ಯೂಟರುಗಳಿಗೆ ತಲೆ ಕೆಡದಂತೆ ನೋಡಿಕೊಳ್ಳುವುದು ಅವನ ಆಫೀಸಿನ ಕೆಲಸ. ಅದೇ ದಿನದಿಂದ ಕ್ಯಾಲಿಫೋರ್ನಿಯಾದಲ್ಲಿ ಅವನಲ್ಲಿದ್ದಂಥ ರೈಫಲ್ಲಿನ ಮೂತಿಗೆ ಫ್ಲ್ಯಾಶ್ ಹೈಡರ್, ಅಂದರೆ ಗುಂಡು ಹಾರುವಾಗಿನ ಬೆಂಕಿಯನ್ನು ಮರೆಮಾಡುವ ಕೊಳವೆ, ಇರಕೂಡದು. ಗುಂಡಿನ ಒದೆತ ತಗ್ಗಿಸುವ ಬ್ರೇಕು ಇದ್ದರೆ ಅಡ್ಡಿಯಿಲ್ಲ. ಅದಕ್ಕೇ ಹಳೆಯದನ್ನು ಬಿಚ್ಚಿ ಹಾಕಲು ಬ್ರೇಕು ತಂದಿದ್ದ. ಎರಡೂ ನೋಡಲು ತೂತು ಬಿದ್ದ ಹೆಬ್ಬೆಟ್ಟಿನಂತೆಯೇ ಇರುತ್ತವೆ.

"ಡಿಸೆಂಬರದಾಗ ನಿಮ್ಮ ಸಿಟಿಜನ್‌ಶಿಪ್ ಇಂಟರ್ವ್ಯೂ ಐತಿ," ಎಂದಳು ಪದ್ಮಜಾ. "ಅದರಾಗ ಕಾಯ್ದೆದ ತಕರಾರು ಬ್ಯಾಡ. ಇವತ್ತು ಸಂಜೀ ಪೂಜಾದೊಳಗ ಅದರ ಮೂತಿ ಬದಲಾಗಬೇಕು. ಇಲ್ಲಾಂದ್ರ ನಾಳೆ ಆ ಬಂದೂಕು ವಾಪಸ್ ಅಂಗಡಿಗೆ."

ಊರಲ್ಲಿ ಅಜ್ಜನ ಕೇಪಿನ ಬಂದೂಕು ಆಯುಧಪೂಜೆಯ ದಿನ ನೇಗಿಲು, ಕುಡಗೋಲುಗಳ ಮೇಲೆ ಚೆಂಡುಹೂ ಮುಡಿದು ಕೂರುತ್ತಿತ್ತು. ತನ್ನದೂ ಹಾಗೆ ಕೂರಬೇಕೆಂದೇ ಕುಬೇರಪ್ಪ ಈ ಸೆಕೆಂಡ್ ಹ್ಯಾಂಡ್ ರೈಫಲ್ಲನ್ನು ಕೊಂಡಿದ್ದ. ಹಬ್ಬವನ್ನು ಭಾನುವಾರಕ್ಕೆ ಎಳೆದುಕೊಳ್ಳಬಹುದಾದ ದೇಶ ಇದು, ಪುಣ್ಯ ಎಂದುಕೊಂಡು ಗ್ಯಾರೇಜಿನಿಂದ ಕಬ್ಬಿಣ ಕಚ್ಚಿ ಹಿಡಿಯುವ ವೈಸು ತಂದು ಊಟದ ಮೇಜಿಗೆ ಬಿಗಿದ. ಬಂದೂಕಿನಲ್ಲಿ ಗುಂಡಿಲ್ಲವೆಂದು ಮತ್ತೆ ಮತ್ತೆ ಇಣುಕಿ ನೋಡಿದ. ನಳಿಗೆಗೆ ಗೀರು ಬೀಳದಿರಲೆಂದು ಅತ್ತೆ ಚನ್ನಬಸವ್ವನವರ ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿ ವೈಸಿನಲ್ಲಿ ಕಚ್ಚಿಸಿ, ಸ್ಪ್ಯಾನರ್ ಹಾಕಿ ತಿರುಗಿಸಿದ.

ಮೂತಿ ತಿರುಗಲಿಲ್ಲ. ಮೇಜು ತಿರುಗಿತು. ಮೇಲಿದ್ದ ಶಾವಿಗೆ ಪಾಯಸದ ಪಾತ್ರೆ ಅವನ ಕಾಲ ಮೇಲೆ ಮಗುಚಿತು. ಪಾಯಸ ಆರಿತ್ತು, ಪುಣ್ಯ.

ಸದ್ದಿಗೆ ಪಕ್ಕದ ಮನೆಯ ಶಿವರಾಮು ಓಡಿಬಂದ. ಮಂಡ್ಯದವನು. ಕರೆಯದೆ ಬಂದು ನೆರವಾಗುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ.

"ಏನ್ ಸಾ ಇದು, ಹಬ್ಬದ್ ದಿನ ಕುಸ್ತಿ? ಬುಡಿ ಇತ್ಲಾಗೆ. ಎಡಕ್ ತಿರುಗುಸುದ್ರೆ ಬಿಚ್ಕೋತದೆ, ಅಷ್ಟೇಯ."

ಶಿವರಾಮು ಬಂದೂಕಿನ ಹಿಂಭಾಗದಲ್ಲಿ ನಿಂತು ತನ್ನ ಎಡಕ್ಕೆ ಎಳೆದ. ಹಿಂದೆ ನಿಂತವನ ಎಡ ಮುಂದೆ ನಿಂತವನ ಬಲ ಎಂಬ ಸತ್ಯ ಕುಬೇರಪ್ಪನಿಗೆ ಹೊಳೆಯುವ ಹೊತ್ತಿಗೆ ಮೂತಿ ಇನ್ನಷ್ಟು ಬಿಗಿದು, ಅಜ್ಜಿಯ ಬೆರಳಿನ ಉಂಗುರದಂತೆ ಕೂತುಬಿಟ್ಟಿತ್ತು.

"ಯಾರು ಸಾ ಇದನ್ನ ಹಾಕ್ದೋನು? ಎಣ್ಣೆ ಬುಡವ."

ಕೊಬ್ಬರಿ ಎಣ್ಣೆ ಬಿಟ್ಟರು. ಸ್ಪ್ಯಾನರ್ ಜಾರಿ ಶಿವರಾಮು ಸೋಫಾದ ಮೇಲೆ ಹಾರಿ ಬಿದ್ದ. ಪದ್ಮಜಾಳ ಹೇರ್ ಡ್ರೈಯರ್ ತಂದು ಕಾಯಿಸಿದರು. ಮೂತಿ ಬೆಚ್ಚಗಾಗುವ ಮೊದಲೇ ಹೊಗೆಯ ಅಲಾರಾಂ ಕೂಗಿಕೊಂಡಿತು, ಹೇರ್ ಡ್ರೈಯರ್ ಸತ್ತಿತು. ಪದ್ಮಜಾ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು. ಬೈದಿದ್ದರೇ ವಾಸಿಯಿತ್ತು.

ಕಡೆಗೆ ಚನ್ನಬಸವ್ವನವರೇ ಸೆರಗು ಸಿಕ್ಕಿಸಿಕೊಂಡು ಬಂದರು. "ಗಂಡಸರಾಗಿ ಒಂದು ತಿರುಪು ಬಿಚ್ಚಾಕ ಬರೂದಿಲ್ಲೇನ್ರೋ? ಸರೀರಿ." ಗ್ಯಾಸ್ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನಲ್ಲಿ ಅರಿವೆ ಅದ್ದಿ, ಇಕ್ಕಳದಲ್ಲಿ ಎತ್ತಿ ಮೂತಿಗೆ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು, ಈ ಸಲ ಸರಿಯಾದ ಎಡಕ್ಕೆ, ಇಬ್ಬರು ಎಂಜಿನಿಯರುಗಳು ಜೋತುಬಿದ್ದರು. 'ಕಟ್' ಎಂದು ಬಿಟ್ಟುಕೊಂಡ ತುಂಡು ಉರುಳಿ ಹೋಗಿ ದೇವರ ಮುಂದಿನ ತಟ್ಟೆಯಲ್ಲಿ ನಿಂತಿತು.

ಕುಬೇರಪ್ಪನ ಕಣ್ಣಲ್ಲಿ ನೀರು. "ಅತ್ತಿ, ನಿಮ್ಮ ಉಪಕಾರ ಈ ಜನ್ಮದಾಗ ಮರಿಯಂಗಿಲ್ಲ. ಶಿವರಾಮು, ನಿಮ್ದೂ."

"ಥ್ಯಾಂಕ್ಸ್ ಯಾಕ್ ಸಾ? ಅಕ್ಕಪಕ್ಕದೋರು ಇರಾದು ಇನ್ಯಾತಕ್ಕೆ?" ಎಂದ ಶಿವರಾಮು, ಹೊಸ ಮೂತಿಯನ್ನು ತಾನೇ ಕೂರಿಸಿದ. ಮನೆಗೆ ಓಡಿ ಒಂದು ಅಂಟಿನ ಟ್ಯೂಬು ತಂದು ಅಷ್ಟನ್ನೂ ಥ್ರೆಡ್ಡಿಗೆ ಹಿಂಡಿ ಬಿಗಿದಿದ್ದ. "ಇನ್ನ ಆ ಬ್ರಹ್ಮ ಬಂದ್ರೂ ಬಿಚ್ಚಕ್ಕಾಗಕ್ಕಿಲ್ಲ!"

ಸಂಜೆ ಪೂಜೆ ಸಾಂಗವಾಗಿ ನಡೆಯಿತು. ವೈಸು, ಸ್ಪ್ಯಾನರ್, ಇಕ್ಕಳ, ಕುಬೇರಪ್ಪನ ಲ್ಯಾಪ್‌ಟಾಪ್ ಎಲ್ಲವೂ ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ಕೂತವು. ನಡುವೆ ಚೆಂಡುಹೂ ಮುಡಿದ ಬಂದೂಕು. ತಟ್ಟೆಗೆ ತಾನಾಗಿ ಬಂದು ನಿಂತದ್ದನ್ನು ಬೇಡವೆನ್ನಬಾರದೆಂದು ಚನ್ನಬಸವ್ವ ಹಳೆಯ ಮೂತಿಗೂ ಕುಂಕುಮವಿಟ್ಟು, ಅದರ ತೂತುಗಳಿಗೆ ಒಂದೊಂದು ಊದುಬತ್ತಿ ಸಿಕ್ಕಿಸಿದ್ದರು. ಪದ್ಮಜಾ ಗಂಡನನ್ನು ನೋಡಿ ಆ ದಿನ ಮೊದಲ ಸಲ ನಕ್ಕಳು. ಬಂದೂಕು ಉಳಿಯಿತು.

ಮಂಗಳಾರತಿಯ ಹೊತ್ತಿಗೆ ಫಾಸ್ಟರ್ ಸಿಟಿಯಿಂದ ಗುರುಶಾಂತಪ್ಪ ಬಂದರು. ಔಷಧ ಕಂಪನಿಯ ವಿಜ್ಞಾನಿ, ಬಂದೂಕಿನ ಹುಚ್ಚು ಹತ್ತಿಸಿಕೊಂಡವರು. ಆರತಿ ತಗೊಂಡವರೇ ಊದುಬತ್ತಿಯ ಮುಂದೆ ಬಗ್ಗಿದರು.

"ಅಲ್ರೀ ಕುಬೇರಪ್ಪ, ಇಂಥಾ ಬ್ರೇಕು ನಿಮಗೆಲ್ಲಿ ಸಿಕ್ತು? ಬೇ ಏರಿಯಾ ಪೂರ್ತಿ ಹುಡುಕೇನಿ, ಎಲ್ಲಾ ಕಡೆ ಖಾಲಿ!"

"ಅದು ಬ್ರೇಕಲ್ರೀ. ಹಳೇ ಫ್ಲ್ಯಾಶ್ ಹೈಡರು. ಇವತ್ತ ಬಿಚ್ಚಿದ್ವಿ."

"ಯಾರ ಹೇಳಿದ್ರು? ಇದು ಬ್ರೇಕು. ಮೊದಲಿನ ಓನರು ಶಾಣ್ಯಾ ಇದ್ದ, ಕಾಯ್ದೆ ಬರೂದು ತಿಳದು ಆಗಲೇ ಹಾಕಿಸ್ಯಾನ." ಗುರುಶಾಂತಪ್ಪ ಬಂದೂಕಿನ ಹೂ ಸರಿಸಿ ನೋಡಿದರು. "ಫ್ಲ್ಯಾಶ್ ಹೈಡರು ಇಲ್ಲೈತಲ್ಲ! ಜನವರಿ ಬಂದ್ರ ಕೇಳೋರಿಲ್ಲ ಅಂತ ಅಂಗಡ್ಯಾಗ ಇವನ್ನ ಅರ್ಧಾ ರೇಟಿಗೆ ಸುರದಾರ."

ಪದ್ಮಜಾಳ ನಗು ಹೇರ್ ಡ್ರೈಯರ್‌ನಂತೆ ಆರಿತು.

ಕುಬೇರಪ್ಪ ಸ್ಪ್ಯಾನರ್‌ಗೆ ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಚನ್ನಬಸವ್ವ ಗದರಿದರು. "ಪೂಜಾ ಆದ ಸಾಮಾನು ನಾಳೆ ಬನ್ನಿ ಕೊಡೂತನಕ ಅಲ್ಲಾಡಿಸಬಾರ್ದು. ಮತ್ತ ಊದಬತ್ತಿದ್ದು ಇನ್ನ ದೇವರದು. ಅದನ್ನಂತೂ ಕೇಳಲೇಬ್ಯಾಡ್ರಿ."

"ಯೋಚ್ನೆ ಮಾಡ್ಬೇಡಿ ಸಾ," ಶಿವರಾಮು ಹತ್ತಿರ ಸರಿದು ಪಿಸುಗುಟ್ಟಿದ. "ನಾಳೀಕೂ ನಾನೇ ಬತ್ತೀನಿ."

ಕುಬೇರಪ್ಪ ಅಭ್ಯಾಸಬಲದಿಂದ ಅವನಿಗೆ ಕೈಮುಗಿದ. ಇದರಲ್ಲೂ ಏನಾದರೂ ಪುಣ್ಯ ಇದ್ದೀತೇ ಎಂದು ದೇವರ ಕಡೆ ನೋಡಿದ. ಇತ್ತು. ಆ ಮನೆಯಲ್ಲಿ ಊದುಬತ್ತಿಗಳು ಅಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ.