ಹೊಕ್ಕುಳ ಸುತ್ತ ಹದಿನಾಲ್ಕು

ಬಸ್ಸು ಹಸಿರು ಇರಬೇಕಿತ್ತು. ಬಂದದ್ದು ಹಳದಿ. ಕಾಣಿಯೂರು ಪೇಟೆಯಲ್ಲಿ ಆ ಜೂನ್ ತಿಂಗಳ ಸೋಮವಾರ ನಡೆದ ಅಷ್ಟೂ ರಾದ್ಧಾಂತಕ್ಕೆ ಕಾರಣ ಇಷ್ಟೇ.

ಪುತ್ತೂರಿಗೆ ಹೋಗುವ ಹಸಿರು ಬಸ್ಸಿನ ಆಕ್ಸಲ್ ಮುರಿದಿತ್ತು, ಮಾಲೀಕರು ಬದಲಿ ಬಸ್ಸು ಕಳಿಸಿದ್ದರು. ಉಳಿದವರಿಗೆ ಯಾವ ಬಣ್ಣದ್ದಾದರೂ ಬಸ್ಸು ಬಂದದ್ದೇ ಭಾಗ್ಯ. ಸೊಸೈಟಿ ಗುಮಾಸ್ತ ಉದಯಶಂಕರನ ಏಳು ವರ್ಷದ ಮಗಳು ಶಂಕರಿಗೆ ಹಾಗಲ್ಲ. ಅವಳಿಗೆ ಅಭ್ಯಾಸವಾಗಲೆಂದು ಅವನು ಒಂದು ವಾರ ದಿನಾ ಬೆಳಿಗ್ಗೆ ಅವಳನ್ನು ಕರೆತಂದು, ಹಸಿರು ಬಸ್ಸು ತೋರಿಸಿ, ಹತ್ತದೆ ವಾಪಸು ಕರೆದೊಯ್ದಿದ್ದ. ಈಗ ಹಳದಿ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತದ್ದೇ, ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ರಸ್ತೆ ಬದಿಯಲ್ಲಿ ಬಿದ್ದು ಕಿರುಚತೊಡಗಿದಳು.

ಇಂಥ ಮಕ್ಕಳ ಸಂಕಟಕ್ಕೆ ಇವತ್ತು ಹೆಸರಿದೆ, ಡಾಕ್ಟರುಗಳಿದ್ದಾರೆ. ಎಂಬತ್ತರ ಆ ವರ್ಷಗಳಲ್ಲಿ ನಮ್ಮ ಕಡೆ ಇದ್ದದ್ದು ಹಠ, ದೃಷ್ಟಿ, ಗಾಳಿ ಎಂಬ ಮಾತುಗಳು ಮಾತ್ರ. ಹತ್ತಿರದ ಶಾಲೆಗಳೆಲ್ಲ ಕೈಮುಗಿದಿದ್ದವು. ಪುತ್ತೂರಿನ ಬ್ರಿಜಿತ್ ಟೀಚರ್ ಒಬ್ಬರೇ, "ಕರ್ಕೊಂಡು ಬನ್ನಿ, ನೋಡುವ. ಆದ್ರೆ ದಿನಾ ಬರ್ಲಿಕ್ಕೆ ಆಗ್ಬೇಕು. ಸೋಮವಾರದವರೆಗೆ ಜಾಗ ಇಡ್ತೇನೆ" ಎಂದಿದ್ದರು. ಈ ಸೋಮವಾರ ತಪ್ಪಿದರೆ ಶಂಕರಿಗೆ ಶಾಲೆಯೆಂಬುದೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಉದಯಶಂಕರನ ಹೆಂಡತಿ ವಸುಮತಿ ಸೋತು ಸೋತು ಕಂಡುಕೊಂಡಿದ್ದಳು. ಮಾತಾಡಿಸಬಾರದು, ಗದರಬಾರದು. ಹಳೆಯ ದಪ್ಪ ಹೊದಿಕೆಯೊಂದನ್ನು ಬಿಗಿಯಾಗಿ ಸುತ್ತಿ, ಒತ್ತಿ ಹಿಡಿದು, ಸುಮ್ಮನೆ ಕೂತಿರಬೇಕು. ಹೊದಿಕೆ ಉದಯಶಂಕರನ ಚೀಲದಲ್ಲೇ ಇತ್ತು. ಇಲ್ಲದಿದ್ದದ್ದು ಸುತ್ತ ಒಂದು ಮಾರು ಖಾಲಿ ಜಾಗ, ಸ್ವಲ್ಪ ಮೌನ.

"ದೃಷ್ಟಿ ಆಗಿರುದು ಉದಯ," ಎಂದರು ಪಕ್ಕದ ಮನೆಯ ದೇವಕಿಯಕ್ಕ. "ನಾಲ್ಕು ಮೆಣಸು ನಿವಾಳಿಸಿ ಒಲೆಗೆ ಹಾಕು."

"ರಸ್ತೆಯಲ್ಲಿ ಒಲೆ ಎಲ್ಲುಂಟು ದೇವಕಿಯಕ್ಕ?"

"ನಮ್ಮ ಹೋಟೆಲಿನಲ್ಲಿ ಉಂಟು," ಎನ್ನುತ್ತ ಹೋಟೆಲಿನ ಕುಕ್ಕಪ್ಪನೂ ಇಳಿದು ಬಂದ. "ಆದ್ರೆ ಅದೆಲ್ಲ ಬೇಡ ಉದಯಣ್ಣ. ಎರಡು ಬಿಗಿದ್ರೆ ಸರಿಯಾಗ್ತದೆ. ನನ್ನನ್ನು ನನ್ನಪ್ಪ ಹಾಗೇ ಸರಿ ಮಾಡಿದ್ದು."

ಕುಕ್ಕಪ್ಪನನ್ನು ಬಲ್ಲವರು ಯಾರೂ ಇದಕ್ಕೆ ಹೂಂ ಎನ್ನಲಿಲ್ಲ. ಆದರೆ ಯಾರೂ ಕದಲಲೂ ಇಲ್ಲ. "ಸ್ವಲ್ಪ ದೂರ ನಿಲ್ಲಿ ಮಾರಾಯ್ರೆ" ಎಂದು ಉದಯಶಂಕರ ಕೇಳಿಕೊಂಡ. ಅವನು ಏನೆಂದನೆಂದು ಕೇಳಲು ಹಿಂದಿದ್ದವರೂ ಮುಂದೆ ಬಂದರು. ಮಗು ಉಸಿರುಗಟ್ಟಿ ಅಳುತ್ತಿತ್ತು. ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಆ ಬಡಪಾಯಿಯ ಬಾಯಿಂದ ಆಗ ಒಂದು ಸುಳ್ಳು ತಾನಾಗಿ ಹೊರಬಿತ್ತು.

"ಹುಚ್ಚು ನಾಯಿ ಕಚ್ಚಿದೆ. ಹತ್ತಿರ ಬರ್ಬೇಡಿ."

ಕ್ಷಣದಲ್ಲಿ ಎಲ್ಲರೂ ರಸ್ತೆಯ ಆಚೆ ಬದಿಗೆ. ದೇವಕಿಯಕ್ಕ ಅಷ್ಟು ವೇಗವಾಗಿ ಓಡಬಲ್ಲರೆಂದು ಅವರಿಗೇ ಗೊತ್ತಿರಲಿಲ್ಲ. ಉದಯಶಂಕರ ಮಗಳನ್ನು ಹೊದಿಕೆಯಲ್ಲಿ ಸುತ್ತಿ, ಅಪ್ಪಿ ಹಿಡಿದು, ತುಟಿಪಿಟಕ್ಕೆನ್ನದೆ ಕೂತ. ನಿಧಾನವಾಗಿ ಕಿರುಚಾಟ ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಟ್ಟುಸಿರಾಯಿತು. ಇಷ್ಟು ಬೇಗ ಅವಳು ಎಂದೂ ಸಮಾಧಾನಗೊಂಡಿರಲಿಲ್ಲ. ಅವನಿಗೆ ತನ್ನ ಸುಳ್ಳಿನ ಮೇಲೆ ಅಭಿಮಾನವೇ ಬಂತು.

ಆದರೆ ನಮ್ಮೂರಿನವರು ಓಡಿದರೂ ಕೈಬಿಡುವವರಲ್ಲ. ಇಚಿಲಂಪಾಡಿಯಿಂದ ದಿನಾ ಪುತ್ತೂರಿಗೆ ಜನರನ್ನೂ ರಬ್ಬರ್ ಶೀಟನ್ನೂ ಸಾಗಿಸುವ ಸ್ಕರಿಯನ ಜೀಪನ್ನು ಯಾರೋ ಅಡ್ಡಗಟ್ಟಿದ್ದರು.

"ಹತ್ತಿ ಉದಯಶಂಕರ್ರೇ," ಎಂದ ಸ್ಕರಿಯ. "ನಾಯಿ ವಿಷಯ, ತಡ ಮಾಡ್ಲಿಕ್ಕಿಲ್ಲ."

ಶಂಕರಿ ಜೀಪಿನ ಕಬ್ಬಿಣದ ಸರಳಿಗೆ ಕೆನ್ನೆ ಒತ್ತಿಕೊಂಡು, ಅದು ನಡುಗಿದ ಹಾಗೇ ತಾನೂ ಗುಂಯ್ ಎನ್ನುತ್ತ ಕೂತಳು. ಅವಳ ಮುಖದಲ್ಲಿ ನಗುವಿತ್ತು. ಶಾಲೆ ಇರುವುದು ಆಸ್ಪತ್ರೆಯ ಹಿಂದೆಯೇ. ಅಲ್ಲಿ ಇಳಿದು ಮೆಲ್ಲಗೆ ಜಾರಿಕೊಂಡರಾಯಿತು ಎಂದುಕೊಂಡ ಅಪ್ಪ. ಆದರೆ ದೇವಕಿಯಕ್ಕ ಮೆಣಸಿನ ಪೊಟ್ಟಣ ಹಿಡಿದು, ಕುಕ್ಕಪ್ಪ ಸೂಜಿ ಚುಚ್ಚುವಾಗ ಮಗುವನ್ನು ಹಿಡಿದುಕೊಳ್ಳಲೆಂದು, ಜೀಪಿನ ಹಿಂದೆ ಹತ್ತಿ ಕೂತಿದ್ದರು. ಸ್ಕರಿಯ ದಾರಿಯಲ್ಲಿ ಕೈ ತೋರಿಸಿದ ಯಾರಿಗೂ ನಿಲ್ಲಿಸದೆ ನೇರ ಆಸ್ಪತ್ರೆಯ ಬಾಗಿಲಿಗೇ ಮುಟ್ಟಿಸಿದ.

"ಮಗುವಿಗಾ? ಎಲ್ಲಿ ಕಚ್ಚಿದ್ದು?" ಡಾಕ್ಟರಮ್ಮ ಎದ್ದು ಬಂದರು.

ಆಗಿನ ಕಾಲದಲ್ಲಿ ಹುಚ್ಚು ನಾಯಿಗೆ ಮದ್ದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು: ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು. ಹೊಸ ಲಂಗದ ಹೊಲಿಗೆ ತಾಗಿದರೂ ಸಹಿಸದ ಮಗು ಅದು. ನಿಜ ಹೇಳಿಬಿಡೋಣವೆಂದು ಉದಯಶಂಕರ ಬಾಯಿ ತೆರೆದ. ಎದುರಿಗೆ, ಒಂದು ದಿನದ ಸಂಪಾದನೆ ಬಿಟ್ಟು ಬಂದ ಸ್ಕರಿಯ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ.

"ಕಚ್ಚಿದ್ದು ನನಗೆ," ಎಂದ ಉದಯಶಂಕರ.

"ಮತ್ತೆ ಕಿರುಚಿದ್ದು ಮಗು?" ಕುಕ್ಕಪ್ಪ ಕೇಳಿದ.

"ಅದು ನನ್ನನ್ನು ನೋಡಿ ಹೆದರಿದ್ದು." ಪಂಚೆ ಮೇಲೆತ್ತಿ, ಬೇಲಿ ತಂತಿ ಗೀರಿದ ಗಾಯ ತೋರಿಸಿದ. ಜೀಪಿನಲ್ಲಿ ಅವನಿಗೆ ಒತ್ತಿಕೊಂಡು ಕೂತಿದ್ದ ಕುಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಾಯಿ ಸಿಕ್ಕಿದ್ರೆ ಕಟ್ಟಿಹಾಕಿ ನೋಡ್ಬಹುದಿತ್ತು," ಎಂದರು ಡಾಕ್ಟರಮ್ಮ. "ಅದಕ್ಕೆ ಎಂತದೂ ಆಗದಿದ್ರೆ ನಿಮ್ಮದು ಅರ್ಧದಲ್ಲಿ ನಿಲ್ಲಿಸ್ಬಹುದು."

ಇಲ್ಲದ ನಾಯಿಯನ್ನು ಎಲ್ಲಿಂದ ತರುವುದು? "ಓಡಿಹೋಯ್ತು," ಎಂದ ಅವನು ಸಣ್ಣ ದನಿಯಲ್ಲಿ.

ಉದಯಶಂಕರನಿಗೆ ಚಿಕ್ಕಂದಿನಿಂದ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಸೂಜಿ ಹೊಟ್ಟೆಯ ಹತ್ತಿರ ಬಂದಾಗ ಅವನು ಹಾಕಿದ ಕೂಗಿಗೆ ವಾರ್ಡಿನಲ್ಲಿ ನಡೆಯಲಾಗದವರೂ ನಡೆದು ಬಂದರು. ಕೆಲಸ ಮುಗಿದ ಮೇಲೂ ಅವನ ನಡುಕ ನಿಲ್ಲಲಿಲ್ಲ, ಅಳು ನಿಲ್ಲಲಿಲ್ಲ. ಸುತ್ತ ಜನವೋ ಜನ. ದೇವಕಿಯಕ್ಕ ಮೆಣಸಿನ ಪೊಟ್ಟಣ ಬಿಚ್ಚಿದರು. ಕುಕ್ಕಪ್ಪ, "ಎರಡು ಬಿಗಿದ್ರೆ..." ಎಂದು ತೋಳು ಮಡಚಿದ.

ಬೆಂಚಿನ ಮೇಲಿದ್ದ ಶಂಕರಿ ಇಳಿದು ಬಂದಳು. ಯಾರ ಮುಖವನ್ನೂ ನೋಡದೆ, ಥೇಟು ಅಪ್ಪನದೇ ರಾಗದಲ್ಲಿ, ಗಟ್ಟಿಯಾಗಿ ಹೇಳಿದಳು:

"ಹುಚ್ಚು ನಾಯಿ ಕಚ್ಚಿದೆ. ಹತ್ತಿರ ಬರ್ಬೇಡಿ."

ಕೋಣೆ ಖಾಲಿಯಾಯಿತು. ಶಂಕರಿ ಚೀಲದಿಂದ ಹೊದಿಕೆ ಎಳೆದು ಅಪ್ಪನಿಗೆ ಸುತ್ತಿದಳು, ಅಂಚನ್ನೆಲ್ಲ ಬಿಗಿಯಾಗಿ ಒಳಗೆ ಸಿಕ್ಕಿಸಿದಳು, ಮೇಲೆ ತಾನೇ ಅಡ್ಡ ಮಲಗಿ ಒತ್ತಿ ಹಿಡಿದಳು. ಮಾತಾಡಲಿಲ್ಲ. ಅವನ ನಡುಕ ನಿಂತಿತು. ತನ್ನನ್ನು ಇಷ್ಟು ಚೆನ್ನಾಗಿ ಯಾರೂ ಸಮಾಧಾನಪಡಿಸಿರಲಿಲ್ಲ ಎಂದು ಅವನಿಗೆ ಇನ್ನೊಮ್ಮೆ ಅಳು ಬಂತು, ಆದರೆ ಅದು ಬೇರೆ ಅಳು.

ಆಮೇಲೆ ಇಬ್ಬರೂ ಶಾಲೆಗೆ ಹೋದರು. ಶಂಕರಿ ಕಿಟಕಿ ಪಕ್ಕ ಕೂತು ಸಂಜೆಯವರೆಗೂ ಇದ್ದಳು. "ದಿನಾ ಹೀಗೇ ಕರ್ಕೊಂಡು ಬನ್ನಿ," ಎಂದರು ಬ್ರಿಜಿತ್ ಟೀಚರ್. ಅವನು ಹಾಗೇ ಮಾಡಿದ. ಸ್ಕರಿಯನ ಜೀಪು, ಆಸ್ಪತ್ರೆ, ಅಪ್ಪನ ಹೊಟ್ಟೆಗೆ ಸೂಜಿ, ಹೊದಿಕೆ, ಶಾಲೆ. ಒಂದು ದಿನವೂ ಅವಳು ಅಳಲಿಲ್ಲ.

ಹದಿನಾಲ್ಕೂ ಮುಗಿದ ಮರುದಿನ ಉದಯಶಂಕರ ಹಗುರಾಗಿ ಜೀಪಿನಿಂದ ಇಳಿದ. "ಇವತ್ತು ಸೀದಾ ಶಾಲೆಗೆ ಮಗಾ."

ಶಂಕರಿ ಆಸ್ಪತ್ರೆಯ ಬಾಗಿಲು ನೋಡಿದಳು. ಶಾಲೆಯ ಓಣಿ ನೋಡಿದಳು. ಅವಳ ಎರಡೂ ಕೈ ಮೆಲ್ಲಗೆ ಕಿವಿಯ ಕಡೆ ಏಳತೊಡಗಿದವು.

ಉದಯಶಂಕರ ಅವಳನ್ನು ಕರೆದುಕೊಂಡು ಆಸ್ಪತ್ರೆಗೇ ತಿರುಗಿದ. ಡಾಕ್ಟರಮ್ಮ ಎಲ್ಲ ಕೇಳಿ, "ಬರೀ ಮಲಗಿ, ಸಾಕಾಗ್ತದಾ ನೋಡುವ" ಎಂದರು. ಸಾಕಾಗಲಿಲ್ಲ. ನರ್ಸಮ್ಮ, "ವಿಟಮಿನ್ ಉಂಟು, ತೋಳಿಗೆ ಕೊಡುದು" ಎಂದು ಅವನ ತೋಳು ಹಿಡಿದರು. ಶಂಕರಿ ನರ್ಸಮ್ಮನ ಕೈಯನ್ನು ಎಳೆದು ಅಪ್ಪನ ಹೊಟ್ಟೆಯ ಮೇಲಿಟ್ಟಳು.

"ಎಷ್ಟು ದಿನ ಮಾರಾಯ್ರೆ ಇದು?" ಡಾಕ್ಟರಮ್ಮ ಕೇಳಿದರು.

"ಶಾಲೆ ಮಾರ್ಚ್‌ವರೆಗೆ ಉಂಟು," ಎಂದು ಉದಯಶಂಕರ ಅಂಗಿ ಮೇಲೆತ್ತಿದ. ಶಂಕರಿ ಹೊದಿಕೆ ಬಿಡಿಸಿ ಹಿಡಿದು ನಿಂತಳು.